ಬಿಡು ಅನ್ನೋತನಕ

ಹೊಳೆನರಸೀಪುರ
ಗುರುವಾರ, ೧೪-೧೧-೨೦೨೪

ಮಗಾ ಕೀರ್ತಿರಾಜ,

ನಿನ್ನ ತಾತ ಮಾಡುವ ಆಶೀರ್ವಾದ. ಮೈಗೆ ಹುಷಾರಾಗಿದ್ದೀಯಾ? ಚನ್ನರಾಯಪಟ್ಟಣದ ಶಿಬಿರದಲ್ಲಿ ಹೊಟ್ಟೆ ತುಂಬ ಮುದ್ದೆ ಹಾಕುತ್ತಾರೋ, ಬರೀ ಬ್ರೆಡ್ಡಿನಲ್ಲೇ ಸಾಗಹಾಕುತ್ತಾರೋ? ಫೋನು ಕಸಿದಿಟ್ಟುಕೊಂಡಿದ್ದಾರೆ ಅಂತ ನಿಮ್ಮಮ್ಮ ರಂಜಿನಿ ಹೇಳಿದಳು. ಅದಕ್ಕೇ ಈ ಕಾಗದ, ಅಂಟು ಹಾಕಿ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಇಲ್ಲಿ ನನ್ನ ಮಂಡಿನೋವು ಬಿಟ್ಟರೆ ಎಲ್ಲ ಸೌಖ್ಯ ಅಂತ ಬರೆಯೋಣ ಅಂದುಕೊಂಡೆ. ಆಗುತ್ತಿಲ್ಲ.

ಆಷಾಢದಲ್ಲಿ ಹಾಸನದ ಗ್ರಾಪ್ಲಿಂಗ್ ಕುಸ್ತಿ ಪಂದ್ಯದಲ್ಲಿ ನಡೆದದ್ದು ನಿನ್ನ ತಪ್ಪಲ್ಲ. ಅರಕಲಗೂಡಿನ ಆ ಹುಡುಗ, ಭೀಮ ಅನ್ನುವವನ ಎದೆಯ ಮೇಲೆ ಭಾರ ಹಾಕಿ, ಮಣಿಕಟ್ಟನ್ನು ನೆಲಕ್ಕೊತ್ತಿ, ಮೊಣಕೈ ಕೆಳಗೆ ನಿನ್ನ ಕೈ ತೂರಿಸಿ ಬೀಗ ಹಾಕಿದೆ. ನಾನು ಕಲಿಸಿದ ಹಾಗೇ, ಕೂದಲೆಳೆ ವ್ಯತ್ಯಾಸವಿಲ್ಲ. ಅವನು ಸೋತೆನೆಂದು ಮೂರು ಸಲ ನೆಲ ತಟ್ಟಿದ. ಅಲ್ಲಿಯ ಕಾಯಿದೆಗೆ ಅಷ್ಟು ಸಾಕು. ಆದರೆ ನಮ್ಮ ಗರಡಿಯಲ್ಲಿ ಉಸ್ತಾದನಾದ ನಾನು "ಬುಡ್ಲಾ" ಅನ್ನೋತನಕ ಮೇಲಿದ್ದವನು ಪಟ್ಟು ಸಡಿಲಿಸುವ ಹಾಗಿಲ್ಲವಲ್ಲ! ನೀನು ನನ್ನ ಮಾತಿಗೆ ಕಾದೆ. ನಾನೋ, ಎಲೆಗೆ ಸುಣ್ಣ ಸವರುತ್ತಾ ಕೂತಿದ್ದೆ. ತಲೆ ಎತ್ತುವಷ್ಟರಲ್ಲಿ ಅವನ ಭುಜ ಹೋಗಿತ್ತು. ಇವತ್ತಿಗೂ ಆ ಕೈ ಮೇಲೇಳುವುದಿಲ್ಲವಂತೆ. ನೆನೆದರೆ ನಾಚಿಕೆಯಾಗುತ್ತದೆ, ಮಗಾ.

ಈಗ ಕೇಳು. ಹೋದ ತಿಂಗಳು ಶಿವರಾಜು ಅನ್ನುವವನೊಬ್ಬ ಗರಡಿಗೆ ಬಂದ. ಕಾಲಿಗೆ ಬಿದ್ದು, "ತಾತ, ಮ್ಯಾಲಿಂದ ಆಕ್ತಾರಲ್ಲ ಕೈಬೀಗ, ಅದೊಂದೇ ಸಾಕು, ಕಲಿಸ್ಕೊಡಿ" ಅಂದ. ಮುದುಕನಿಗೆ ಹಿಗ್ಗೋ ಹಿಗ್ಗು. ಈ ಕಾಲದಲ್ಲಿ ನನ್ನನ್ನು ಹುಡುಕಿಕೊಂಡು ಯಾರು ಬರುತ್ತಾರೆ ಹೇಳು? ಇಪ್ಪತ್ತು ದಿನ ಕಲಿಸಿದೆ. ನಗುವುದಿಲ್ಲ, ಸುಸ್ತು ಅನ್ನುವುದಿಲ್ಲ, ಬೇರೆ ಪಟ್ಟು ತೋರಿಸಿದರೆ ಬೇಡ ಅನ್ನುತ್ತಾನೆ. ನಿನ್ನೆ ಕೊನೆಯ ಪಾಠ ಮುಗಿಸಿ ಹೋದ. ಇವತ್ತು ಬೆಳಿಗ್ಗೆ, ಗರಡಿಯ ಮಣ್ಣು ಹದ ಮಾಡುವ ನಮ್ಮ ಸಣ್ಣಯ್ಯ ಬಂದು ಹೇಳಿದ, ಅವನು ಭೀಮನ ಒಡಹುಟ್ಟಿದ ಅಣ್ಣನಂತೆ. ಈ ಭಾನುವಾರ ಹಾಸನದ ಪಂದ್ಯದಲ್ಲಿ ನಿನ್ನ ಎದುರಿಗೆ ನಿಲ್ಲುವವನೂ ಅವನೇ.

ನಿಮ್ಮಮ್ಮನಿಗೆ ಇದೊಂದನ್ನೂ ಹೇಳಿಲ್ಲ, ನೀನೂ ಹೇಳಬೇಡ. ಅವಳು ಕೊಟ್ಟ ಚಕ್ಕಲಿ ಜೊತೆಯವರಿಗೂ ಹಂಚು. ಮನೆದೇವರು ನಿನ್ನ ಮೈ ಕಾಯಲಿ.

ನಿನ್ನ ತಾತ,
ಬೈರಯ್ಯ

ಅಂಟು ಹಾಕುವ ಮೊದಲು ಇದೊಂದು: ನಿನ್ನೆ ಹೊರಡುವಾಗ ಶಿವರಾಜು ಗೋಡೆಯ ಮೇಲಿನ ನಿನ್ನ ಫೋಟೋ ನೋಡುತ್ತಾ, "ತಾತ, ನಿಮ್ ಮೊಮ್ಮಗ ಬರಿಯೋದು ಯಾವ ಕೈನಾಗೆ?" ಅಂತ ಕೇಳಿದ. ನಾನು ಹೆಮ್ಮೆಯಿಂದ, "ಎಡಗೈ ಕಣಪ್ಪ" ಅಂದುಬಿಟ್ಟೆ. ಭಾನುವಾರ ಕಣಕ್ಕೆ ಇಳಿಯಬೇಡ.