ನಮ್ಮಪ್ಪನ ಬಿಪಿ ಮಾತ್ರೆಯ ಮೇಲೆ ನಿಮ್ಮ ಅನುಮಾನ

ಮಾನ್ಯ ಆಯ್ಕೆ ಸಮಿತಿ ಅಧ್ಯಕ್ಷರೇ,

ನಮ್ಮಪ್ಪ ಬಿಪಿ ಮಾತ್ರೆ ನುಂಗುವುದನ್ನು ನಿಲ್ಲಿಸಿದ್ದಾರೆ. ಅದಕ್ಕೆ ಕಾರಣ ನೀವು. ವಿಷಯ ಇಷ್ಟೇ. ಆದರೆ ನಿಮ್ಮಂಥ ದೊಡ್ಡವರಿಗೆ ಇಷ್ಟೇ ಎಂದರೆ ಅರ್ಥವಾಗುವುದಿಲ್ಲ, ಹಿಂದಿನದು ಮುಂದಿನದು ಎಲ್ಲ ಬಿಡಿಸಿ ಹೇಳಬೇಕು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಾನು ಎಂಟನೇ ಕ್ಲಾಸಿಗೇ ಸ್ಕೂಲಿಗೆ ಕೈಮುಗಿದು ಹೊರಬಂದವನು. ಟೈರು ಬಿಚ್ಚುವುದು, ಪಂಕ್ಚರ್ ಹಾಕುವುದು ನನ್ನ ಕೆಲಸ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದಿ. ಮಾತು ಒರಟಾಗಿದ್ದರೆ ಮಾತ್ರ ತಿದ್ದಬೇಡಿ, ಅದು ಬೇಕೆಂದೇ ಬರೆದದ್ದು.

ನನ್ನ ಅಕ್ಕ ನೂರು ಮೀಟರ್ ಓಡುತ್ತಾಳೆ. ನಿಮಗೆ ಗೊತ್ತು. ಕಳೆದ ತಿಂಗಳ ಕೂಟದಲ್ಲಿ ಚಿನ್ನ ಗೆದ್ದವಳು ಅವಳೇ. ಅವಳ ಬಗ್ಗೆ ನೀವು ಮೈಕು ಹಿಡಿದು ಏನು ಹೇಳಿದಿರಿ ಎಂದು ಜ್ಞಾಪಿಸಲೇ? "ಪರೀಕ್ಷೆಯಲ್ಲಿ ಏನೂ ಸಿಗದೇ ಇರಬಹುದು. ಆದರೆ ಒಂದೇ ವರ್ಷದಲ್ಲಿ ಇಷ್ಟು ಅಸಾಧಾರಣ ಸುಧಾರಣೆ ಸಹಜವಲ್ಲ. ಔಷಧಗಳನ್ನು ಮನೆಯ ಹೊರಗೆ ಬಚ್ಚಿಡಲಾಗುತ್ತಿದೆ ಎಂಬ ವಿಶ್ವಸನೀಯ ಮಾಹಿತಿ ನಮಗೆ ಬಂದಿದೆ. ಆದ್ದರಿಂದ ಆಯ್ಕೆ ಪಟ್ಟಿಯಲ್ಲಿ ಆಕೆಯ ಹೆಸರನ್ನು ತಡೆಹಿಡಿದಿದ್ದೇವೆ." ಎಷ್ಟು ಚೆನ್ನಾಗಿ ಮಾತಾಡುತ್ತೀರಿ! ಮೂತ್ರ ಕೊಟ್ಟಳು, ರಕ್ತ ಕೊಟ್ಟಳು, ಎರಡರಲ್ಲೂ ಏನೂ ಸಿಗಲಿಲ್ಲ. ಏನೂ ಸಿಗಲಿಲ್ಲ ಎಂಬುದೇ ನಿಮಗೆ ದೊಡ್ಡ ಅನುಮಾನ. ಏನಾದರೂ ಸಿಕ್ಕಿದ್ದರೆ ಎರಡು ವರ್ಷ ಮನೆಗೆ ಕಳಿಸುತ್ತಿದ್ದಿರಿ. ಸಿಗದಿದ್ದರೂ ಮನೆಗೇ ಕಳಿಸುತ್ತೀರಿ. ಹಾಗಾದರೆ ಆ ಪರೀಕ್ಷೆ ಯಾವ ಸಂಭ್ರಮಕ್ಕೆ?

ಅವತ್ತಿನ ಫೈನಲ್ ನಾನು ಕಣ್ಣಾರೆ ನೋಡಿದ್ದೇನೆ. ಗ್ಯಾಲರಿಯ ಕೆಳಗಿನ ಮೆಟ್ಟಿಲಲ್ಲಿ ಕೂತಿದ್ದೆ. ಎಂಟು ಹುಡುಗಿಯರು ಕಾಲು ಬಿಸಿ ಮಾಡಿಕೊಳ್ಳುತ್ತಿದ್ದರು, ಒಬ್ಬೊಬ್ಬರೂ ಜಿಂಕೆಮರಿಗಳ ಹಾಗೆ ಪುಟಿಯುತ್ತಿದ್ದರು. ಅಷ್ಟರಲ್ಲಿ ಹಿಂದಿನ ಗೇಟಿನಿಂದ ಒಂದು ಬಿಳಿ ವ್ಯಾನು ಬಂತು. ಡೋಪಿಂಗ್ ಪರೀಕ್ಷೆಯವರು. ಅದನ್ನು ಕಂಡದ್ದೇ ತಡ, ಮೈದಾನದಲ್ಲಿ ಸಾಂಕ್ರಾಮಿಕ ರೋಗ ಹಬ್ಬಿತು. ಒಬ್ಬಳಿಗೆ ಮೀನಖಂಡ ಹಿಡಿದುಕೊಂಡಿತು. ಅವಳನ್ನು ನೋಡಿ ಇನ್ನೊಬ್ಬಳಿಗೆ ತೊಡೆ. ಒಟ್ಟು ಐದು ಜನ ಟ್ರ್ಯಾಕಿನ ಪಕ್ಕ ಮಲಗಿ "ಅಮ್ಮಾ" ಅಂದರು. ಐಸ್ ಚೀಲ ಇದ್ದದ್ದು ಒಂದೇ. ಅದನ್ನು ಹಿಡಿದುಕೊಂಡು ಆ ಫಿಸಿಯೋ ಯಾವ ಕಾಲಿಗೆ ಇಡಲಿ ಎಂದು ತಿಳಿಯದೆ ಮದುವೆಮನೆಯಲ್ಲಿ ಬಡಿಸುವವನ ಹಾಗೆ ಓಡಾಡುತ್ತಿದ್ದ. ಒಬ್ಬಳು ಬಲಗಾಲು ಕುಂಟುತ್ತಾ ಹೊರಟವಳು, ವ್ಯಾನಿನವರು ಇಳಿಯುವುದು ಕಂಡು ಅವಸರದಲ್ಲಿ ಎಡಗಾಲು ಕುಂಟತೊಡಗಿದಳು. ನನ್ನ ಪಕ್ಕದಲ್ಲಿದ್ದ ಚಹಾ ಮಾರುವವನು ಬಿದ್ದು ಬಿದ್ದು ನಕ್ಕ.

"ಏನಪ್ಪಾ ಇದು, ಎಲ್ರಿಗೂ ಒಟ್ಟಿಗೇ ಹಿಡ್ಕೊಂತಾ?" ಅಂದ. "ನೋಡು ನೋಡು, ಆಕೆ ಗೇಟಿನ ಕಡೆ ಹೋಗ್ತಿರೋ ಸ್ಪೀಡು! ಅದಕ್ಕೆ ಯಾರಾದ್ರೂ ಟೈಮ್ ಹಿಡೀರೋ!"

ಕೊನೆಗೆ ಓಡಿದ್ದು ಮೂವರು. ನನ್ನ ಅಕ್ಕ ಗೆದ್ದಳು. ಗೆದ್ದು, ನೇರ ಹೋಗಿ ಪರೀಕ್ಷೆಯ ಕೋಣೆಯ ಬೆಂಚಿನ ಮೇಲೆ ಕೂತಳು. ಈಗ ನಿಮ್ಮ ಪಟ್ಟಿ ತೆಗೆದು ನೋಡಿ. ಮೀನಖಂಡದವಳು ಪಟ್ಟಿಯಲ್ಲಿದ್ದಾಳೆ, ತೊಡೆಯವಳೂ ಇದ್ದಾಳೆ, ಎರಡೂ ಕಾಲು ಕುಂಟಿದವಳಂತೂ ಮೇಲುಗಡೆಯೇ ಇದ್ದಾಳೆ. ಅವರ ಮೇಲೆ ನಿಮಗೆ ಅನುಮಾನವಿಲ್ಲ, ಕನಿಕರವಿದೆ. ಗಾಯದಿಂದ ಬೇಗ ಚೇತರಿಸಿಕೊಳ್ಳಲಿ ಎಂದು ಹಾರೈಸಿದಿರಂತೆ. ಮಾರನೇ ದಿನವೇ ನಿಮ್ಮ ಶಿಬಿರದಲ್ಲಿ ಓಡಿದರಂತಲ್ಲ, ಹಾರೈಕೆಗೆ ಎಂಥಾ ಶಕ್ತಿ!

ಇನ್ನು ನಿಮ್ಮ ವಿಶ್ವಸನೀಯ ಮಾಹಿತಿಗೆ ಬರೋಣ. ಹೋದ ವರ್ಷ ನೀವೇ ಒಂದು ತಿಳಿವಳಿಕೆ ಶಿಬಿರ ಮಾಡಿದಿರಿ. ಓಟಗಾರರ ಅಪ್ಪ ಅಮ್ಮಂದಿರನ್ನೂ ಕರೆದಿದ್ದಿರಿ. ನಮ್ಮಪ್ಪ ವೆಲ್ಡರ್. ಏಣಿ ಹತ್ತಿ ಗೇಟು, ಶೀಟು ಬೆಸೆಯುವವರು. ಅವತ್ತು ಕೆಲಸ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕೂತಿದ್ದರು. ಕೆಮ್ಮಿನ ಔಷಧ, ನೆಗಡಿಯ ಮಾತ್ರೆಯಲ್ಲೂ ನಿಷೇಧಿತ ವಸ್ತು ಇರಬಹುದು ಎಂದು ಡಾಕ್ಟರು ಹೇಳಿದಾಗ ನಮ್ಮಪ್ಪನ ಮುಖ ಸಣ್ಣದಾಯಿತು. ಜೇಬಿನಿಂದ ತನ್ನ ಮಾತ್ರೆಯ ಸ್ಟ್ರಿಪ್ ತೆಗೆದು ಎದ್ದು ನಿಂತರು.

"ಸಾರ್, ಇದು ನಂದು. ಬಿಪಿಗೆ. ಮಗಳಿಗೇನಾದ್ರೂ ತೊಂದ್ರೆ ಆಗುತ್ತಾ?"

ಡಾಕ್ಟರು ತಿರುಗಿಸಿ ನೋಡಿ, "ಇದ್ರಲ್ಲಿ ಮೂತ್ರ ಜಾಸ್ತಿ ಹೋಗೋ ಔಷಧಿ ಸೇರಿದೆ. ನಿಮಗೆ ಒಳ್ಳೇದು, ನಿಲ್ಲಿಸ್ಬೇಡಿ. ಆದ್ರೆ ಓಟಗಾರರಿಗೆ ಇದು ನಿಷೇಧ. ಮಗಳ ಕೈಗೆ ಸಿಗದ ಹಾಗೆ ದೂರ ಇಡಿ" ಎಂದರು.

ಬೇರೆಯವರಾಗಿದ್ದರೆ ಬೀರುವಿನ ಮೇಲಿನ ಅರೆಯಲ್ಲಿ ಇಡುತ್ತಿದ್ದರು. ನಮ್ಮಪ್ಪ ದೂರ ಅಂದರೆ ದೂರ ಎಂದುಕೊಂಡರು. ಮನೆಯಲ್ಲೇ ಇಡಲಿಲ್ಲ. ಬೀದಿ ದಾಟಿ, ಎದುರಿನ ಕಟಿಂಗ್ ಅಂಗಡಿಯಲ್ಲಿ ಇಟ್ಟರು. ಅಲ್ಲಿ ಕನ್ನಡಿಯ ಕೆಳಗಿನ ಡ್ರಾಯರಿನಲ್ಲಿ, ಬ್ಲೇಡಿನ ಪೆಟ್ಟಿಗೆ ಪಕ್ಕದಲ್ಲಿ, ನಮ್ಮಪ್ಪನ ಬಿಪಿ ವಾಸ. ದಿನಾ ಬೆಳಗ್ಗೆ ಹೋಗಿ ನುಂಗಿ, ಅಲ್ಲೇ ಸೋಪು ಹಾಕಿ ಕೈ ತೊಳೆದು, ಆಮೇಲೆ ಮನೆಗೆ ಬಂದು ತಿಂಡಿ ತಟ್ಟೆ ಮುಟ್ಟುವುದು. ಅಂಗಡಿಯವರನ್ನು ನಾವು ಮಾವ ಎನ್ನುತ್ತೇವೆ. ಅವರಿಗೆ ಇದೊಂದು ನಿತ್ಯದ ತಮಾಷೆಯಾಗಿತ್ತು. "ಬನ್ನಿ ಯಜಮಾನ್ರೇ, ಇವತ್ತು ಮಾತ್ರೆ ಮಾತ್ರಾನೋ, ಗಡ್ಡಾನೂ ಉಂಟೋ?" ಎನ್ನುತ್ತಿದ್ದರು. ಹೀಗೆ ಯಾರಾದರೂ ಮಾಡುತ್ತಾರಾ ಎಂದು ನಾನೂ ನಕ್ಕಿದ್ದೇನೆ. ಅಪ್ಪ ನಗಲಿಲ್ಲ. "ಅವ್ಳು ಬೆವರು ಸುರಿಸಿ ಓಡೋದು, ನನ್ನ ಬೆರಳಿನ ಪುಡಿಯಿಂದ ಹಾಳಾಗ್ಬೇಕಾ?" ಎಂದರು.

ಕೂಟ ಮುಗಿದ ಮೇಲೆ ನಿಮ್ಮ ಕಡೆಯವರೊಬ್ಬರು ನಮ್ಮ ಬೀದಿಗೆ ವಿಚಾರಣೆಗೆ ಬಂದರು. ನಮ್ಮ ಮನೆ ಬಾಗಿಲು ತಟ್ಟಲಿಲ್ಲ. ಕಟಿಂಗ್ ಅಂಗಡಿಗೆ ಹೋಗಿ ಗಡ್ಡಕ್ಕೆ ಕೂತರು. ನೊರೆ ಹಚ್ಚಿಸಿಕೊಂಡೇ, "ಆ ಓಡೋ ಹುಡುಗಿ ಹೇಗೆ? ಮನೇಲಿ ಮಾತ್ರೆ ಗೀತ್ರೆ ತಗೋತಾಳಾ?" ಎಂದು ಕೇಳಿದರಂತೆ. ಪಾಪ, ಮಾವನಿಗೆ ನಮ್ಮ ಮರ್ಯಾದೆ ಎತ್ತಿ ಹಿಡಿಯುವ ಉಮೇದು. "ಏ, ಮನೇಲಿ ಒಂದು ಮಾತ್ರೇನೂ ಇಡಲ್ಲ ಸಾರ್ ಅವ್ರು! ಎಲ್ಲಾ ಇಲ್ಲೇ, ನನ್ನ ಡ್ರಾಯರಲ್ಲಿ. ಅಷ್ಟು ಹುಷಾರು! ತೋರಿಸ್ಲಾ?"

"ಬೇಡ ಬೇಡ, ಗೊತ್ತಾಯ್ತು" ಎಂದು ನಿಮ್ಮವರು ಅರ್ಧ ಗಡ್ಡಕ್ಕೇ ಎದ್ದು ಹೊರಟರಂತೆ.

ಇದು ನಿಮ್ಮ ವಿಶ್ವಸನೀಯ ಮಾಹಿತಿ. ಡ್ರಾಯರು ಎಳೆದಿದ್ದರೆ ಮಾತ್ರೆ ಯಾವುದೆಂದು ಕಾಣುತ್ತಿತ್ತು. ಯಾರದು ಎಂದು ಕೇಳಿದ್ದರೆ ಮಾವ ಹೇಳುತ್ತಿದ್ದರು. ಎರಡೂ ಬೇಕಾಗಲಿಲ್ಲ. ನೀವು ಹೇಳಿಕೊಟ್ಟ ಪಾಠವನ್ನು ನಮ್ಮಪ್ಪ ನಿಮಗಿಂತ ಹೆಚ್ಚು ನಂಬಿದ್ದೇ ತಪ್ಪಾಯಿತು.

ನನ್ನನ್ನು ತಪ್ಪು ತಿಳಿಯಬೇಡಿ. ಅನುಮಾನವೇ ಪಡಬೇಡಿ ಎಂದು ನಾನು ಹೇಳುತ್ತಿಲ್ಲ. ಪಡಿ, ಧಾರಾಳವಾಗಿ ಪಡಿ. ಟಿವಿಯಲ್ಲಿ ಯಾವನಾದರೂ ಬಾಣದ ಹಾಗೆ ಓಡಿದರೆ ನಮ್ಮ ಟೈರಂಗಡಿಯಲ್ಲೂ ಮೊದಲು ಬರುವ ಮಾತು "ಇವ್ನು ಏನೋ ಎಳ್ಕೊಂಡಿದಾನೆ ಗುರು" ಎಂದೇ. ಎಷ್ಟು ಸಲ ನಮ್ಮ ಕಿವಿ ಮೇಲೆ ಹೂ ಇಟ್ಟಿದ್ದಾರೆ! ಆದರೆ ಅನುಮಾನ ಬಂದರೆ ಮಾಡಬೇಕಾದ್ದೊಂದಿದೆ. ಪರೀಕ್ಷೆ ಮಾಡಬೇಕು. ಮತ್ತೆ ಮಾಡಬೇಕು. ಹೇಳದೆ ಕೇಳದೆ ಬಂದು ಮಾಡಬೇಕು. ನಮ್ಮ ಅಕ್ಕ ಬೇಡ ಎಂದಳೇ? ಟ್ಯೂಬಿನಲ್ಲಿ ತೂತಿದೆ ಎಂಬ ಅನುಮಾನವಿದ್ದರೆ ನೀರಿನಲ್ಲಿ ಮುಳುಗಿಸಿ ನೋಡುತ್ತೇವೆ. ಗುಳ್ಳೆ ಬರದಿದ್ದರೆ ವಾಪಸ್ ಹಾಕಿ ಕಳಿಸುತ್ತೇವೆ. ಗುಳ್ಳೆಯೂ ಇಲ್ಲ, ಗಾಡಿಯೂ ಕೊಡುವುದಿಲ್ಲ ಎಂದರೆ ಗಿರಾಕಿ ಕೆನ್ನೆಗೆ ಬಾರಿಸುತ್ತಾನೆ.

ಅಸಾಧಾರಣ ಸುಧಾರಣೆ ಎಂದಿರಲ್ಲ, ಅದರ ಗುಟ್ಟು ಕೇಳಿ. ಅಕ್ಕ ಪ್ಯಾಕಿಂಗ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಳು. ಇಡೀ ರಾತ್ರಿ ನಿಂತು ಪೆಟ್ಟಿಗೆಗೆ ಟೇಪು ಸುತ್ತಿ, ಬೆಳಗ್ಗೆ ಅದೇ ಕಾಲಿನಲ್ಲಿ ಓಡಲು ಹೋಗುತ್ತಿದ್ದಳು. ಹಗಲು ಪಾಳಿ ಸಿಕ್ಕಿದ್ದು ಹೋದ ವರ್ಷ. ಅಂದಿನಿಂದ ರಾತ್ರಿ ಮಲಗುತ್ತಾಳೆ. ಅಷ್ಟೇ ಅವಳ ಮದ್ದು. ಬೇಕಿದ್ದರೆ ನಿಮ್ಮ ನಿಷೇಧಿತ ವಸ್ತುಗಳ ಜೊತೆ ನಿದ್ದೆಯನ್ನೂ ಸೇರಿಸಿಬಿಡಿ. ಅಲ್ಲಾ, ನನಗೊಂದು ಸಂಶಯ. ಏನೂ ತೆಗೆದುಕೊಳ್ಳದೆ ಹುಡುಗಿ ಇಷ್ಟು ವೇಗವಾಗಿ ಓಡಲು ಸಾಧ್ಯವೇ ಇಲ್ಲ ಎಂದು ನಿಮಗೆ ಅಷ್ಟು ಖಾತ್ರಿಯಾಗಿ ಹೇಗೆ ಗೊತ್ತು? ತೆಗೆದುಕೊಂಡವರು ಎಷ್ಟು ಓಡುತ್ತಾರೆ ಎಂಬ ಲೆಕ್ಕ ನಿಮ್ಮ ಹತ್ತಿರ ಇದೆಯೇ? ಇದ್ದರೆ ಅದು ಎಲ್ಲಿಂದ ಬಂತು, ಯಾರನ್ನು ನೋಡಿ ಬಂತು?

ನೀವು ಮಾತಾಡಿ ಮೈಕು ಕೆಳಗಿಟ್ಟು ಹೋದಿರಿ. ಆ ಮಾತು ನಮ್ಮ ಬೀದಿಗೆ ಬಂತು. ನಮ್ಮ ಟೈರಂಗಡಿಗೆ ಬಂದವನೊಬ್ಬ ಹಲ್ಲು ಕಿರಿಯುತ್ತಾ, "ನಿಮ್ಮಕ್ಕಂಗೆ ಹಾಕೋ ಪೆಟ್ರೋಲು ನನ್ನ ಬೈಕಿಗೂ ಸ್ವಲ್ಪ ಹಾಕೋ" ಅಂದ. ಅವನ ಗಾಡಿಯ ಗಾಳಿ ಬಿಟ್ಟು ಕಳಿಸಿದೆ. ಮಾವ ಮನೆಗೆ ಬಂದು ಬಾಗಿಲಲ್ಲೇ ನಿಂತು ಅತ್ತರು. "ನನ್ನ ನಾಲಿಗೆ ನಾನೇ ಕತ್ತರಿಸ್ಕೋಬೇಕು ಕಣಮ್ಮಾ" ಎಂದು ಅಕ್ಕನ ಮುಂದೆ ತಲೆ ತಗ್ಗಿಸಿದರು. ಅಕ್ಕ ಅವರನ್ನು ಒಳಗೆ ಕರೆದು ಕೂರಿಸಿದಳು. ಅವಳಿಗೆ ಕೋಪ ಬರುವುದಿಲ್ಲ. ಅವಳ ಪಾಲಿನದೂ ನನಗೇ ಬಂದಿದೆ.

ಅವತ್ತಿನಿಂದ ಅಪ್ಪ ಬೀದಿ ದಾಟಲಿಲ್ಲ, ಮಾತ್ರೆ ನುಂಗಲಿಲ್ಲ. ಮೊನ್ನೆ ಏಣಿಯ ಮೇಲೆ ತಲೆ ಸುತ್ತು ಬಂದು, ಜೊತೆಯವರು ಹಿಡಿದುಕೊಂಡದ್ದರಿಂದ ಉಳಿದರು. ಮನೆಗೆ ಬಂದಾಗ ಅಮ್ಮ ರಂಪ ಮಾಡಿದರು.

"ಮಾತ್ರೆ ಮನೆಗೇ ತಂದಿಡ್ತೀನಿ. ಹಾಳಾಗ್ಲಿ ಓಟ, ನೀವಿದ್ರೆ ಸಾಕು."

"ತಂದಿಟ್ರೆ ನಾನು ಮನೆಗೇ ಬರಲ್ಲ" ಎಂದರು ಅಪ್ಪ. "ಅಲ್ಲಿಟ್ರೆ ಬಚ್ಚಿಟ್ಟ ಅಂತಾರೆ. ಇಲ್ಲಿಟ್ರೆ ಸಿಕ್ಕಿಬಿತ್ತು ಅಂತಾರೆ. ನುಂಗದೇ ಇದ್ರೆ ಯಾವನು ಏನಂತಾನೆ?"

"ನುಂಗಪ್ಪಾ" ಅಂದಳು ಅಕ್ಕ. "ಇಲ್ಲೇ ಕೂತು, ನನ್ನ ಮುಂದೇನೇ ನುಂಗು. ನಾನಿನ್ನು ಓಡಲ್ಲ. ಮುಂದಿನ ವಾರದಿಂದ ಮತ್ತೆ ರಾತ್ರಿ ಪಾಳಿ ಕೇಳಿದೀನಿ. ಕೊಡ್ತೀನಿ ಅಂದಿದಾರೆ."

ಆದರೂ ಅಪ್ಪ ನುಂಗಲಿಲ್ಲ. ಈಗ ನಮ್ಮ ಮನೆಯಲ್ಲಿ ಇಬ್ಬರು ಹಠಮಾರಿಗಳು. ಒಬ್ಬರು ಮಗಳು ಓಡಲಿ ಎಂದು ಪ್ರಾಣ ಕಳೆದುಕೊಳ್ಳಲು ಕೂತಿದ್ದಾರೆ, ಇನ್ನೊಬ್ಬಳು ಅಪ್ಪ ಉಳಿಯಲಿ ಎಂದು ಓಟ ಬಿಡಲು ಕೂತಿದ್ದಾಳೆ. ಇಬ್ಬರನ್ನೂ ಬಿಡಿಸುವ ಮಾತು ನಿಮ್ಮ ಬಾಯಲ್ಲಿದೆ, ನೀವು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀರಿ. ಪಟ್ಟಿ ಈ ತಿಂಗಳ ಕೊನೆಗೆ ಮುಚ್ಚುತ್ತದೆ. ಆಮೇಲೆ ಕ್ಷಮೆ ಕೇಳಿದರೂ ಅದನ್ನು ತೊಳೆದುಕೊಂಡು ಕುಡಿಯಬೇಕು.

ಹಾಗಾಗಿ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಅದೇ ಮೈಕು ಹಿಡಿದು, ಅದೇ ಜನರ ಮುಂದೆ, ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ, ಈ ಹುಡುಗಿ ತಪ್ಪು ಮಾಡಿಲ್ಲ, ಆ ಮಾತ್ರೆ ಅವಳ ಅಪ್ಪನದು, ನಾವು ವಿಚಾರಿಸದೆ ಮಾತಾಡಿದೆವು ಎಂದು ಹೇಳಿ. ವಿಶ್ವಸನೀಯ ಮಾಹಿತಿ ಎಂಬ ಪದವನ್ನು ಮಾತ್ರ ಬಳಸಬೇಡಿ. ಆಮೇಲೆ ಒಂದು ಬೆಳಗ್ಗೆ ಆ ಬಿಳಿ ವ್ಯಾನನ್ನು ಟ್ರ್ಯಾಕಿನ ಪಕ್ಕದಲ್ಲೇ, ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿ, ನಿಮ್ಮ ಪಟ್ಟಿಯಲ್ಲಿರುವವರನ್ನೂ ನನ್ನ ಅಕ್ಕನನ್ನೂ ಒಟ್ಟಿಗೆ ಓಡಿಸಿ. ಓಡಿದವರೆಲ್ಲ ಮೂತ್ರ ಕೊಟ್ಟೇ ಹೋಗಬೇಕು, ಓಡದವರೂ ಕೊಟ್ಟೇ ಹೋಗಬೇಕು. ಅವಳು ಸೋತರೆ ಕರೆದುಕೊಂಡು ಬರುತ್ತೇನೆ, ತುಟಿ ಪಿಟಕ್ಕೆನ್ನುವುದಿಲ್ಲ. ಸೋಲುವುದು ನಮಗೆ ಹೊಸದಲ್ಲ. ಆದರೆ ಅವಳನ್ನು ಸೋಲಿಸಬೇಕಾದರೆ ಯಾರಾದರೂ ಒಬ್ಬರು ಅವಳ ಪಕ್ಕದ ಲೇನಿಗೆ ಬರಲೇಬೇಕು. ಕುರ್ಚಿಯಲ್ಲಿ ಕೂತು ಸೋಲಿಸುವುದನ್ನು ನಾವು ಒಪ್ಪುವುದಿಲ್ಲ.

ಇಂತಿ,
ನಿಮ್ಮ ಕಣ್ಣಿಗೆ ಓಡಿಯೇ ಸಿಕ್ಕಿಬಿದ್ದವಳ ತಮ್ಮ,
ವಿಶ್ವಸನೀಯನಲ್ಲದ ಪಂಕ್ಚರ್ ಹುಡುಗ