ಅಪ್ಪನ ಹಳೇ ಹಿಟ್ಟು

ಜೀನಾನ್
ಅಕ್ಟೋಬರ್ ೧೮

ಕೋಪಿಷ್ಠೆ ಲಿಂಗ್ ಅಕ್ಕನಿಗೆ,

ನೀನು ನನ್ನ ಫೋನ್ ಎತ್ತುವುದಿಲ್ಲ. ಕಾಗದವನ್ನು ಹೇಗೆ ಕಟ್ ಮಾಡುತ್ತೀಯೋ ನೋಡೋಣ ಅಂತ ಬರೆಯಲು ಕೂತಿದ್ದೇನೆ. ಹತ್ತನೇ ಕ್ಲಾಸಿನ ಪರೀಕ್ಷೆ ಆದಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪು ಹುಡುಕಬೇಡ.

ಮೊದಲು ಒಳ್ಳೆಯ ಸುದ್ದಿ. ಅಪ್ಪ ಚೆನ್ನಾಗಿ ಬೈಯುತ್ತಿದ್ದಾನೆ. ಅವನ ಕರುಳಿನ ಕ್ಯಾನ್ಸರ್ ಲಿವರಿಗೂ ಹಬ್ಬಿದೆ ಅಂತ ನಾನು ಮೆಸೇಜ್ ಹಾಕಿದಾಗ ನೀನು ಕುನ್ಮಿಂಗ್‌ನಿಂದ ಒಂದು ಪೆಟ್ಟಿಗೆ ದಾಳಿಂಬೆ ಕಳಿಸಿದೆ. ಮಾತು ಮಾತ್ರ ಕಳಿಸಲಿಲ್ಲ. ಅಪ್ಪ "ಬರೀ ಹುಳಿ" ಅನ್ನುತ್ತಲೇ ಎಲ್ಲ ತಿಂದು ಮುಗಿಸಿದ.

ಕೀಮೋ ಶುರುವಾಗುವಾಗ ಡಾಕ್ಟರ್ ಗೆಂಗ್ ಇನ್ನೊಂದು ವಿಷಯ ಹೇಳಿದರು. ಅಪ್ಪನ ರಕ್ತದಿಂದ ರೋಗದ ಜೊತೆ ಹೊಡೆದಾಡುವ ಜೀವಕೋಶಗಳನ್ನು ತೆಗೆದು, ಲ್ಯಾಬಿನಲ್ಲಿ ಎರಡು ವಾರ ಸಾಕಿ ಬೆಳೆಸಿ, ಕೀಮೋ ಸುತ್ತುಗಳ ನಡುವೆ ವಾಪಸ್ ಮೈಗೆ ಬಿಡುವುದಂತೆ. "ಇದಿನ್ನೂ ಪರೀಕ್ಷೆ ಮಾಡ್ತಿರೋ ಚಿಕಿತ್ಸೆ. ವಾಸಿಯಾಗತ್ತೆ ಅಂತ ಮಾತು ಕೊಡಲ್ಲ. ಕೀಮೋಗೆ ಒಂದು ಜೊತೆ ಅನ್ಕೊಳ್ಳಿ," ಅಂದರು.

ಅಪ್ಪ ತೋಳು ಕಟ್ಟಿಕೊಂಡ. "ರಕ್ತ ಹೋದ್ರೆ ಸತ್ವ ಹೋಯ್ತು. ನಮ್ಮದು ಹೊರಗೆ ಹೋಗಲ್ಲ."

ಅದೇ ಮಾತು, ಅಕ್ಕಾ! ಮದುವೆಯ ಮಾರನೇ ದಿನ ನೀನು ಬಟ್ಟಲು ಹಿಡಿದು ಹಳೇ ಹಿಟ್ಟು ಕೇಳಿದಾಗಲೂ ಇದನ್ನೇ ಹೇಳಿದ್ದ. ಅಜ್ಜಿಯ ಕಾಲದಿಂದ ದಿನಾ ಒಂದು ಮುಷ್ಟಿ ಎತ್ತಿಟ್ಟು, ಅದರಿಂದಲೇ ಅಂಗಡಿಯ ನಾಳೆಯ ಮಾಂತೋ ಹಬೆಬನ್ನುಗಳನ್ನು ಉಬ್ಬಿಸುವ ಹಿಟ್ಟು. ಹೊರಗಿನವರಿಗೆ ಕೊಟ್ಟರೆ ಮನೆಯ ಏಳಿಗೆಯೂ ಅದರ ಹಿಂದೆಯೇ ಹೋಗುತ್ತದಂತೆ. "ಮದುವೆಯಾದ ಮಗಳು ಹೊರಗಿನವಳಾ?" ಅಂತ ಕೇಳಿ ನೀನು ಬಟ್ಟಲು ಕುಕ್ಕಿ ಹೋಗಿ ಮೂರು ವರ್ಷವಾಯಿತು.

ನನಗೆ ರೇಗಿತು. "ಅಪ್ಪಾ, ಇದೂ ನಿನ್ನ ಹಳೇ ಹಿಟ್ಟೇ ತಾನೇ! ಒಂದು ಮುಷ್ಟಿ ತೆಗೀತಾರೆ, ಬೆಚ್ಚಗಿಟ್ಟು ಉಬ್ಬಿಸ್ತಾರೆ, ವಾಪಸ್ ಕೊಡ್ತಾರೆ," ಅಂದೆ.

ಅಪ್ಪ ಕಣ್ಣು ಕಿರಿದು ಮಾಡಿದ. "ಸಾಕೋರು ಯಾರು? ಕೈ ನೋಡ್ದೆ ಹಿಟ್ಟು ಕೊಡ್ತಾರೇನೋ, ಕತ್ತೆ?"

ಡಾಕ್ಟರು ನಗುತ್ತಾ ಲ್ಯಾಬಿನಿಂದ ಪೇ ಎನ್ನುವ ಹುಡುಗಿಯನ್ನು ಕರೆಸಿದರು. ಅಪ್ಪ ಅವಳ ಅಂಗೈ ತಿರುಗಿಸಿ ನೋಡಿದ.

"ಮುಚ್ಚಳ ಪದೇಪದೇ ತೆಗೀತೀಯಾ ಮಗಳೇ?"

"ಇಲ್ಲ ತಾತ, ಊಟ ಹಾಕೋವಾಗ ಮಾತ್ರ."

"ಬೆಚ್ಚಗಿಡ್ತೀಯಾ?"

"ನಿಮ್ಮ ಮೈಯಷ್ಟೇ ಬೆಚ್ಚಗೆ."

"ಒಂಚೂರು ನಮ್ಮನೆ ಹಿಟ್ಟು ತಂದ್ಕೊಡ್ತೀನಿ. ಬೆರೆಸು, ಬೇಗ ಉಬ್ಬತ್ತೆ."

ಅವಳು ಹೌಹಾರಿದಳು. "ಅಯ್ಯೋ ಬೇಡಿ! ಒಂದು ಕಣ ಬಿದ್ರೂ ಪೂರ್ತಿ ಬಿಸಾಕ್ಬೇಕು!"

ಅಪ್ಪನಿಗೆ ಅದೇ ಹಿಡಿಸಿತು. "ಕಟ್ಟುನಿಟ್ಟಿನ ಕೈ," ಅಂತ ಸಹಿ ಹಾಕಿ ತೋಳು ಚಾಚಿದ.

ನಿನಗೆ ಕೊಡದ ಹಿಟ್ಟನ್ನು ಗುರುತೇ ಇಲ್ಲದವಳಿಗೆ ಕೊಡಲು ಹೊರಟಿದ್ದ, ನೋಡು! ಆಮೇಲೆ ಅವನಿಗೂ ಅದು ಹೊಳೆದಿರಬೇಕು. ಮನೆತನಕ ಬಸ್ಸಿನ ಕಿಟಕಿಯಾಚೆ ನೋಡುತ್ತಾ ಕೂತ. ಅಪ್ಪ ಬಸ್ಸಿನಲ್ಲಿ ಡ್ರೈವರಿಗೆ ದಾರಿ ಹೇಳದೆ ಕೂತಿದ್ದನ್ನು ನೀನು ಯಾವತ್ತಾದರೂ ಕಂಡಿದ್ದೀಯಾ?

ಎರಡು ವಾರದ ಮೇಲೆ ವಾಪಸ್ ಬಂದದ್ದು ಒಂದು ಸಣ್ಣ ಚೀಲ, ಗಂಜಿ ತಿಳಿಯ ಬಣ್ಣ. "ಇಷ್ಟೇನಾ?" ಅಂದ ಅಪ್ಪ. ಸಂಜೆ ಚಳಿಜ್ವರ ಬಂತು. ನಾನು ಹೆದರಿ ನರ್ಸ್ ಹತ್ತಿರ ಓಡಿದೆ. ಹೀಗಾಗುವುದುಂಟು ಅಂತ ಅವರು ಮಾತ್ರೆ ಕೊಟ್ಟರು. ಅಪ್ಪನೋ, ಹಲ್ಲು ಕಟಕಟಿಸುತ್ತಲೇ ಪಕ್ಕದ ಹಾಸಿಗೆಯವರಿಗೆ ಸಾರುತ್ತಿದ್ದ: "ಉಬ್ತಾ ಇದೆ ಕಣ್ರೀ! ಬೆಚ್ಚಗಾದ್ರೆ ಉಬ್ಬಲೇಬೇಕು!"

ಇನ್ನೂ ಎರಡು ಸಲ ಹಾಗೆ ಬಿಟ್ಟರು, ನಡುನಡುವೆ ಕೀಮೋ. ನಿನ್ನೆ ಸ್ಕ್ಯಾನ್ ಬಂತು. ಗಡ್ಡೆಗಳು ಕುಗ್ಗಿವೆ. ಹೋಗಿಲ್ಲ, ಕುಗ್ಗಿವೆ. ಕೀಮೋದಿಂದಲೋ ಈ ಜೀವಕೋಶಗಳಿಂದಲೋ ತನಗೂ ಗೊತ್ತಿಲ್ಲ ಅಂದರು ಡಾಕ್ಟರು. ಮುಂದೆ ಏನೋ, ಅದೂ ಗೊತ್ತಿಲ್ಲ. ನಾನಂತೂ ಆಸ್ಪತ್ರೆಯ ಮೆಟ್ಟಿಲು ಎರಡೆರಡು ಹಾರಿಕೊಂಡು ಇಳಿದೆ.

ಔಷಧಿಯಿಂದ ಅಪ್ಪನ ಬೆರಳು ಜೋಮು ಹಿಡಿದಿವೆ, ನಾದಲು ಆಗುವುದಿಲ್ಲ. ಸ್ಟೂಲ್ ಮೇಲೆ ಕೂತು ನನಗೆ ಕಲಿಸುತ್ತಾನೆ. ಒಂದು ಕಡೆ ನಿಲ್ಲದೆ ಕೆಲಸದ ಮೇಲೆ ಕೆಲಸ ಬಿಟ್ಟವನು ನಾನು, ಈಗ ಬೆಳಗಾದರೆ ಹಿಟ್ಟಿನಲ್ಲಿ ಸಿಕ್ಕಿಕೊಂಡಿರುತ್ತೇನೆ. "ಹಾಗೆ ಗುದ್ದಬೇಡ್ವೋ, ಅದೇನು ನಿನ್ನ ಹಳೇ ಬಾಸಾ?" ಅಂತಾನೆ. ನನ್ನ ಮಾಂತೋ ಗಟ್ಟಿ, ಗಿರಾಕಿಗಳು "ನಾಲ್ಕು ಕಲ್ಲು ಕೊಡಪ್ಪ" ಅಂತ ಕೇಳುತ್ತಾರೆ. ಕೊಡುತ್ತೇನೆ. ಮತ್ತೆ ಬರುತ್ತಾರೆ.

ವಸಂತದ ಹಬ್ಬಕ್ಕೆ ಭಾವನನ್ನೂ ಕರೆದುಕೊಂಡು ಬಾ. ಇದು ನನ್ನ ಮಾತು. ಅಪ್ಪ ಏನೂ ಹೇಳಿಲ್ಲ.

ಮೈಯೆಲ್ಲ ಹಿಟ್ಟಾಗಿರುವ ನಿನ್ನ ತಮ್ಮ,
ಶುವೋ

ತಾ.ಕ.: ಅಪ್ಪ ಏನೂ ಹೇಳಿಲ್ಲ ಅಂದದ್ದು ಸುಳ್ಳು. ಈ ಕಾಗದದ ಜೊತೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಣ ಚೂರುಗಳಿವೆ, ಬಿಸಾಡಬೇಡ. ಹಳೇ ಹಿಟ್ಟು. ಆ ಬೆರಳುಗಳಲ್ಲೇ ಅವನೇ ಮುರಿದು ಕಿಟಕಿಯಲ್ಲಿ ಒಣಗಿಸಿದ, ನನ್ನನ್ನು ಮುಟ್ಟಲು ಬಿಡಲಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಬೇಕಂತೆ. ಮುಚ್ಚಳ ಪದೇಪದೇ ತೆಗೆಯಬಾರದಂತೆ. ಉಬ್ಬಿದ ಮೇಲೆ ಒಂದು ಮುಷ್ಟಿ ವಾಪಸ್ ಕೊಡಬೇಕಂತೆ. ಪಾರ್ಸೆಲ್ ನಡೆಯುವುದಿಲ್ಲ, ನೀನೇ ಕೈಯಲ್ಲಿ ಹಿಡಿದು ತರಬೇಕಂತೆ.