ಇಯರ್ ಟೂ, ಸ್ಕೂಲ್ ಫೋರ್

ಶ್ರೀ ಮಲ್ಲಿಕಾರ್ಜುನ ಪ್ರಸನ್ನ

ಮಸ್ಕಿ
೧೨-೧೧-೧೯೫೩

ಪ್ರೀತಿಯ ಯಜಮಾನರಿಗೆ ನಿಮ್ಮ ಕಲ್ಯಾಣಮ್ಮ ಮಾಡುವ ನಮಸ್ಕಾರಗಳು.

ಕಾಲುವೆ ಕೆಲಸದ ಧೂಳಿಗೆ ಹತ್ತಿದ್ದ ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರೋ, ಚಹಾದ ಮೇಲೆಯೇ ದಿನ ನೂಕುತ್ತೀರೋ? ಅತ್ತೆಯವರ ಮೊಣಕಾಲು ನೋವು ಈಗ ಎಷ್ಟೋ ವಾಸಿ.

ಒಂದು ಸುದ್ದಿ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ! ಮಧ್ಯಾಹ್ನ ಹೆಂಗಸರಿಗೆ ಪಾಠ ಹೇಳುವ ರಾಜಾಬೀ ಟೀಚರ್ ಈಗ ಇಂಗ್ಲಿಷ್ ಶಬ್ದಗಳನ್ನೂ ಕಲಿಸುತ್ತಿದ್ದಾರೆ. ಕಣ್ಣಿಗೆ ಐ, ಕಿವಿಗೆ ಇಯರ್. ರೊಟ್ಟಿ ಬಡಿಯುವಾಗಲೂ ನನ್ನ ಬಾಯಲ್ಲಿ ಅದೇ. ಅತ್ತೆ ಮೊದಮೊದಲು, "ರೊಟ್ಟಿ ಸೀದು ಹೊಂಟಾವ, ನಿನ್ನ ಇಂಗ್ಲೀಷಿಗೆ ಬೆಂಕಿ ಹತ್ಲಿ" ಎಂದು ಬೈದರು. ಈಗ ಮೂರು ಗಂಟೆಯಾದರೆ ತಾವೇ, "ಹೋಗ್ ಬೇ, ಹೊತ್ತಾತು" ಎನ್ನುತ್ತಾರೆ.

ಹೋದ ಶುಕ್ರವಾರ ನಮ್ಮ ಪಾಠ ನೋಡಲು ಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರು ಬಂದಿದ್ದರು. ನನ್ನ ಕಡೆ ತಿರುಗಿ, "ಹೌ ಮೆನಿ ಇಯರ್ಸ್ ಇನ್ ಸ್ಕೂಲ್?" ಎಂದರು. ನನಗೆ ಗೊತ್ತಿದ್ದ ಇಯರ್ ಒಂದೇ. ಎರಡೂ ಕಿವಿ ಹಿಡಿದುಕೊಂಡು, "ಟೂ ಸರ್" ಎಂದುಬಿಟ್ಟೆ. ಅವರು ಪುಸ್ತಕದಲ್ಲಿ ಎರಡು ಎಂದು ಬರೆದುಕೊಂಡರು. ಟೀಚರ್ ಮೆಲ್ಲಗೆ, "ಏ ಕಲ್ಯಾಣಮ್ಮ, ಅವ್ರು ಕೇಳಿದ್ದು ಸಾಲಿ ಕಲ್ತ ವರ್ಷ. ವರ್ಷಕ್ಕೂ ಇಯರ್ ಅಂತಾರ" ಎಂದರು. ನಾಲ್ಕು ವರ್ಷ ಓದಿದವರಿಗಷ್ಟೇ ಮಿಡಲ್ ಪರೀಕ್ಷೆಗೆ ಕೂರಲು ಬಿಡುತ್ತಾರಂತೆ. ಮುದಗಲ್‌ನ ತವರಿನಲ್ಲಿ ನಾನು ನಾಲ್ಕನೆಯ ತರಗತಿ ಮುಗಿಸಿದ್ದೇನಲ್ಲ! ಎದ್ದು ನಿಂತು, "ನೋ ಸರ್. ಇಯರ್ ಟೂ. ಸ್ಕೂಲ್ ಫೋರ್" ಎಂದೆ.

ಸಾಹೇಬರು ನಕ್ಕುಬಿಟ್ಟರು. ಬರೆದದ್ದನ್ನು ಹೊಡೆದುಹಾಕಿ, "ಶೀ ಈಸ್ ಅವೇರ್" ಎಂದರು. ಆ ಮಾತಿನ ಅರ್ಥ ಟೀಚರನ್ನು ಕೇಳಿದೆ. "ಅರಿವು ಇದ್ದಾಕಿ ಅಂತ" ಎಂದರು. ನನ್ನನ್ನು ಇದುವರೆಗೆ ಯಾರೂ ಹಾಗೆ ಅಂದಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಒಬ್ಬಳೇ ನಗುತ್ತಾ ಬಂದೆ.

ಮೈ ಜೋಪಾನ. ಅತ್ತೆಯವರ ಆಶೀರ್ವಾದ ನಿಮ್ಮ ಮೇಲಿದೆ.

ನಿಮ್ಮ
ಕಲ್ಯಾಣಮ್ಮ

ತಾ.ಕ.: ಟಪಾಲಿನವರು ಬಾಗಿಲಲ್ಲಿ ನಿಂತಿದ್ದಾರೆ. ಇಬ್ಬರಿಗೂ ಇರಲು ಖೋಲಿ ಸಿಕ್ಕಿದೆ, ಬಂದುಬಿಡು ಎಂದು ಬರೆದಿದ್ದಿರಿ. ಈಗ ಬರಲಾರೆ. ಮಾರ್ಚ್‌ನಲ್ಲಿ ಲಿಂಗಸುಗೂರಿನಲ್ಲಿ ಆ ಮಿಡಲ್ ಪರೀಕ್ಷೆ. ಪಾಸಾದರೆ ಇಲ್ಲಿನ ಹೆಣ್ಣುಮಕ್ಕಳ ಶಾಲೆಗೆ ನಾನೇ ಟೀಚರ್! ಫಾರಂಗೆ ಮನೆಯ ಹಿರಿಯರ ಒಪ್ಪಿಗೆ ಬೇಕಿತ್ತು, ನಿನ್ನೆಯೇ ಕಡೆಯ ದಿನ. ನಿಮ್ಮನ್ನು ಕೇಳಲು ಆಗಲಿಲ್ಲ. ಅತ್ತೆಯೇ ಹೆಬ್ಬೆಟ್ಟು ಒತ್ತಿ, "ಅವ ಏನರ ಅಂದ್ರ ನನ್ ಕೂಡ ಮಾತಾಡ್ಲಿ" ಎಂದಿದ್ದಾರೆ.